ಲ್ಯೂವೆನ್: ಪಾಲಾದ ಗ್ರಂಥಭಂಡಾರ

ಬೆಲ್ಜಿಯಂ ದೇಶದ ಲ್ಯೂವೆನ್ ನಗರವನ್ನು ಕುರಿತ ಬರವಣಿಗೆಗಳಲ್ಲಿ ಎರಡು ಬೆಂಕಿಗಳ ಪ್ರಸ್ತಾಪ ತಪ್ಪದೆ ಬರುತ್ತದೆ. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನ್ಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು; ಮಧ್ಯಯುಗದ ಹಸ್ತಪ್ರತಿಗಳೂ ಲಕ್ಷಗಟ್ಟಲೆ ಪುಸ್ತಕಗಳೂ ಬೂದಿಯಾದವು. ಆ ನಷ್ಟವನ್ನು ಜರ್ಮನಿ ಗ್ರಂಥಗಳ ರೂಪದಲ್ಲಿಯೇ ತುಂಬಿಕೊಡಬೇಕೆಂದು ವರ್ಸೇಲ್ಸ್ ಒಪ್ಪಂದದಲ್ಲಿ ಒಂದು ವಿಧಿ ಸೇರಿತು. ಅಮೆರಿಕನ್ನರ ದೇಣಿಗೆಯಿಂದ ಎದ್ದು 1928ರಲ್ಲಿ ತೆರೆದ ಹೊಸ ಕಟ್ಟಡವೂ 1940ರ ಮೇ ತಿಂಗಳಲ್ಲಿ ಸುಟ್ಟಿತು; ಆಗ ಹೋದದ್ದು ಸುಮಾರು ಒಂಬತ್ತು ಲಕ್ಷ ಸಂಪುಟ. ಪರರು ಮಾಡಿದ ಈ ಹಾನಿಗಳನ್ನು ಚರಿತ್ರೆಕಾರರು ಗಂಭೀರವಾಗಿ ನೆನೆಯುತ್ತಾರೆ. ಅದೇ ಭಂಡಾರವನ್ನು ಮನೆಯವರೇ ಪಾಲು ಮಾಡಿಕೊಂಡ ಮೂರನೆಯ ಪ್ರಸಂಗ ಮಾತ್ರ ವಿನೋದದ ಕತೆಯಾಗಿ ಉಳಿದಿದೆ. ನಗರದ ಸ್ವಭಾವ ಬಯಲಾಗುವುದು ಆ ಮೂರನೆಯದರಲ್ಲಿ.

1425ರಲ್ಲಿ ಐದನೆಯ ಮಾರ್ಟಿನ್ ಪೋಪನ ಆಜ್ಞಾಪತ್ರದಿಂದ ಹುಟ್ಟಿದ ಈ ವಿದ್ಯಾಪೀಠದ ಭಾಷೆ ಲ್ಯಾಟಿನ್. ಥಾಮಸ್ ಮೋರನ ‘ಯುಟೋಪಿಯಾ’ 1516ರಲ್ಲಿ ಮೊದಲು ಅಚ್ಚಾದದ್ದು ಇಲ್ಲಿ. ಮರುವರ್ಷ ಬುಸ್ಲೈಡನ್ ಎಂಬವನ ಮರಣಶಾಸನದ ಹಣದಿಂದ, ಎರಾಸ್ಮಸ್‌ನ ಆಸ್ಥೆಯಿಂದ, ‘ತ್ರಿಭಾಷಾ ವಿದ್ಯಾಲಯ’ ಆರಂಭವಾಯಿತು. ಲ್ಯಾಟಿನ್, ಗ್ರೀಕ್, ಹೀಬ್ರೂ ಎಂಬ ಮೂರು ಭಾಷೆಗಳು. ಪೇಟೆಯಲ್ಲಿ ಜನ ಆಡುತ್ತಿದ್ದ ಡಚ್ಚಿಗೆ ಅಲ್ಲಿ ಸ್ಥಾನವಿರಲಿಲ್ಲ. ಆ ಕಾಲಕ್ಕೆ ಅದು ಯಾರಿಗೂ ಕೊರತೆಯೆನಿಸಿರಲಾರದು. ಆದರೆ 1797ರಲ್ಲಿ ಫ್ರೆಂಚ್ ಗಣರಾಜ್ಯ ಮುಚ್ಚಿಸಿದ ವಿದ್ಯಾಪೀಠ 1835ರಲ್ಲಿ ಲ್ಯೂವೆನ್ನಿನಲ್ಲಿ ಮರಳಿ ನೆಲೆಗೊಂಡಾಗ, ಲ್ಯಾಟಿನ್ನಿನ ಪೀಠಕ್ಕೆ ಫ್ರೆಂಚ್ ಏರಿತು. ವಿದ್ಯೆಯ ಭಾಷೆ ಬದಲಾಯಿತು, ಊರಿನ ಭಾಷೆ ಹೊಸ್ತಿಲಾಚೆಯೇ ಉಳಿಯಿತು. ಡಚ್ ಬೋಧನೆ ಒಳಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಹಂತಹಂತವಾಗಿ.

1962ರಲ್ಲಿ ಕಾನೂನು ಭಾಷಾಗಡಿಯನ್ನು ಸ್ಥಿರಗೊಳಿಸಿದಾಗ ಲ್ಯೂವೆನ್ ಡಚ್ ಭಾಗದಲ್ಲಿತ್ತು. ಒಳಗೆ ಫ್ರೆಂಚ್ ವಿಭಾಗವೂ ಇತ್ತು. ವಿಶ್ವವಿದ್ಯಾಲಯ ಒಂದಾಗಿಯೇ ಇದ್ದಲ್ಲಿಯೇ ಇರತಕ್ಕದ್ದೆಂದು 1966ರಲ್ಲಿ ಬಿಷಪ್ಪರು ಅಪ್ಪಣೆಯ ಧಾಟಿಯಲ್ಲಿ ಸಾರಿದ್ದು ವಿದ್ಯಾರ್ಥಿಗಳನ್ನು ಬೀದಿಗಿಳಿಸಿತು. ‘ವಲೋನರು ಹೊರಗೆ’ ಎಂಬ ಘೋಷಣೆ ಗೋಡೆಗೋಡೆಯಲ್ಲಿ ಕಾಣಿಸಿತು. 1968ರ ಫೆಬ್ರವರಿಯಲ್ಲಿ ಸರಕಾರವೇ ಬಿದ್ದಿತು. ಈ ಚಳವಳಿಯನ್ನು ಕೇವಲ ದ್ವೇಷವೆಂದು ಓದುವವರು ನೂರಾರು ವರ್ಷಗಳ ಹೊಸ್ತಿಲನ್ನು ಮರೆಯುತ್ತಾರೆ. ಕೇವಲ ನ್ಯಾಯವೆಂದು ಓದುವವರು ಘೋಷಣೆಯ ಮಾತನ್ನೇ ಮರೆಯುತ್ತಾರೆ: ತಮಗೆ ಎಡೆ ಬೇಕೆಂಬ ಬೇಡಿಕೆ ಇತರರಿಗೆ ಎಡೆಯಿಲ್ಲವೆಂಬಲ್ಲಿಗೆ ಜಾರಿತ್ತು. ಗಡಿರೇಖೆಯ ತಪ್ಪು ಬದಿಯಲ್ಲಿ ಉಳಿದ ಭಾಷಿಕರಿಗೆ ಈ ಜಾರುವಿಕೆ ಅಪರಿಚಿತವಲ್ಲ. ಚಳವಳಿಯ ಒಳಗಿನ ಎಡಪಂಥೀಯರು ಘೋಷಣೆಯಲ್ಲಿ ‘ವಲೋನರ’ ಬದಲು ‘ಬೂರ್ಜ್ವಾಗಳು’ ಎಂದು ತಿದ್ದಿದರೆಂಬುದನ್ನೂ ಗಮನಿಸಬೇಕು, ತಿದ್ದುಪಡಿ ಗೆಲ್ಲಲಿಲ್ಲ.

ವಿಶ್ವವಿದ್ಯಾಲಯ ಎರಡಾಯಿತು. ಗ್ರಂಥಾಲಯವೂ ಪಾಲಾಯಿತು. ಬಹುಪಾಲು ಸಂಗ್ರಹವನ್ನು ಹಂಚಿದ್ದು ಕಪಾಟಿನ ಗುರುತುಸಂಖ್ಯೆಯಿಂದ: ಬೆಸ ಸಂಖ್ಯೆ ಲ್ಯೂವೆನ್ನಿಗೆ, ಸಮ ಸಂಖ್ಯೆ ಫ್ರೆಂಚ್ ವಿಭಾಗಕ್ಕೆ. ಇದನ್ನು ಕೇಳಿ ನಗುವುದು ಸುಲಭ. ಆದರೆ ಬೇರೆ ಯಾವ ನ್ಯಾಯದಿಂದ ಹಂಚಬಹುದಿತ್ತು? ಡಚ್ ಪುಸ್ತಕ ಇವರಿಗೆ, ಫ್ರೆಂಚ್ ಪುಸ್ತಕ ಅವರಿಗೆ ಎಂದಿದ್ದರೆ ಇವರ ವಿದ್ವಾಂಸ ಫ್ರೆಂಚನ್ನೂ ಅವರ ವಿದ್ವಾಂಸ ಡಚ್ಚನ್ನೂ ಓದಬಾರದೆಂದಂತಾಗುತ್ತಿತ್ತು. ಲ್ಯಾಟಿನ್ ಗ್ರಂಥಗಳಿಗೆ ವಾರಸುದಾರರೇ ಇರುತ್ತಿರಲಿಲ್ಲ. ಭಾಷೆಗಾಗಿ ನಡೆದ ಜಗಳದಲ್ಲಿ ಭಾಷೆಯನ್ನು ಅಳತೆಗೋಲಾಗಿ ಬಳಸಲಾಗಲಿಲ್ಲ. ವಿನೋದದ ಕತೆ ಮುಚ್ಚಿಡುವ ಒಪ್ಪಿಗೆ ಇದು.

ಹೊರಬಿದ್ದವರು ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದ ಹೊಲಗಳಲ್ಲಿ ಊರನ್ನೇ ಕಟ್ಟಿದರು. 1971ರಲ್ಲಿ ಅಡಿಗಲ್ಲು ಬಿದ್ದ ಆ ಊರಿಗೆ ಇಟ್ಟ ಹೆಸರು ಲುವ್ಯಾನ್-ಲಾ-ನೆವ್, ಅಂದರೆ ಹೊಸ ಲ್ಯೂವೆನ್. ಬಿಟ್ಟುಬಂದ ಊರಿನ ಹೆಸರನ್ನು ಅವರು ಬಿಡಲಿಲ್ಲ. 1425 ಎಂಬ ಜನ್ಮವರ್ಷವನ್ನೂ ಬಿಡಲಿಲ್ಲ. 2025ರಲ್ಲಿ ಎರಡು ವಿಶ್ವವಿದ್ಯಾಲಯಗಳೂ ಆರುನೂರನೆಯ ವರ್ಷವನ್ನು ಆಚರಿಸಿದವು. ಹಳೆಯ ಲ್ಯೂವೆನ್ನಿನ ಸ್ನಾತಕೋತ್ತರ ತರಗತಿಗಳಲ್ಲಿ ಹಲವು ಈಗ ನಡೆಯುವುದು ಇಂಗ್ಲಿಷಿನಲ್ಲಿ.