ಭಾಲ್ಕಿ ಸೀಮೆಯ ಮಕ್ಕಳೂ ಕನ್ನಡದ ಚಿತ್ರಪುಸ್ತಕಗಳೂ

ಮಕ್ಕಳ ಪುಸ್ತಕಗಳ ವಿಮರ್ಶೆಗೆ ವಿದ್ವತ್ಪತ್ರಿಕೆಯಲ್ಲಿ ಸ್ಥಳವುಂಟೆ ಎಂದು ಕೆಲವರು ಶಂಕಿಸಬಹುದು. ಪ್ರಾಚೀನ ಕಾವ್ಯಗಳ ಪಾಠಾಂತರಗಳನ್ನು ಕುರಿತು ವಾದಿಸುವ ನಾವು, ಆ ಕಾವ್ಯಗಳನ್ನು ಮುಂದೆ ಓದತಕ್ಕವರು ಇಂದು ಯಾವ ಪುಸ್ತಕವನ್ನು ಹಿಡಿದು ಅಕ್ಷರಾಭ್ಯಾಸ ಮಾಡುತ್ತಿರುವರೆಂಬುದನ್ನು ವಿಚಾರಿಸದೆ ಇರುವುದು ಉಚಿತವಾಗಲಾರದು. ಅದರಲ್ಲಿಯೂ ಬೀದರ ಜಿಲ್ಲೆಯ ಭಾಲ್ಕಿ, ಔರಾದ ತಾಲೂಕುಗಳಂಥ ಗಡಿಸೀಮೆಯಲ್ಲಿ ಈ ವಿಚಾರಕ್ಕೆ ಹೆಚ್ಚಿನ ತೂಕವುಂಟು. ನಿಜಾಮನ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ವಾಚಕರಿಗೆ ವಿದಿತವೇ ಇದೆ. 1956ರಲ್ಲಿ ಬೀದರವು ಮೈಸೂರು ರಾಜ್ಯವನ್ನು ಸೇರಿತು. ಹಲಗೆಯ ಭಾಷೆ ಬದಲಾಯಿತು. ಆದರೆ ಭಾತಂಬ್ರಾದಂಥ ಊರಿನ ಶಾಲೆಗೆ ಮಗು ಮನೆಯಿಂದ ಹೊತ್ತು ತರುವ ಮಾತು ಇಂದಿಗೂ ಒಂದೇ ಬಗೆಯದಾಗಿಲ್ಲ. ಒಬ್ಬನದು ಬೀದರ ಸೀಮೆಯ ಕನ್ನಡ, ಪಕ್ಕದವಳದು ಮರಾಠಿ, ಅವಳ ಹಿಂದಿನವನದು ದಖನಿ ಉರ್ದು, ಇನ್ನೊಬ್ಬನದು ಲಂಬಾಣಿ. ಇಂಥ ತರಗತಿಯ ಕಪಾಟಿನಲ್ಲಿಯೂ ಇಂಥ ಮನೆಗಳ ಗೂಡಿನಲ್ಲಿಯೂ ಯಾವ ಚಿತ್ರಪುಸ್ತಕಗಳಿರತಕ್ಕದ್ದೆಂಬುದು ಪ್ರಕೃತ ವಿಷಯ.

ನಮ್ಮ ಶಿಶುಸಾಹಿತ್ಯವು ಬಹುಕಾಲ ಕಿವಿಯ ಸಾಹಿತ್ಯವಾಗಿಯೇ ಬೆಳೆಯಿತು. ಪಂಜೆ ಮಂಗೇಶರಾಯರು, ರಾಜರತ್ನಂ ಮೊದಲಾದವರ ಪದ್ಯಗಳು ಪುಸ್ತಕವಿಲ್ಲದೆಯೇ ಬಾಯಿಂದ ಬಾಯಿಗೆ ಹರಡಿದವು. ಚಿತ್ರವು ಅಲ್ಲಿ ಅಲಂಕಾರಮಾತ್ರ. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದಾಗ ಕಣ್ಣಿಗೂ ಒಂದು ಪಾಲು ದೊರೆಯಿತಾದರೂ ಅದು ವಿಶ್ವಕೋಶದ ಜಾತಿಯದು. ಚಿತ್ರವೂ ಮಾತೂ ಕಥೆಯ ಭಾರವನ್ನು ಸಮನಾಗಿ ಹೊರುವ ಪುಸ್ತಕಗಳು ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಮಾಲೆಯಿಂದಲೂ, ವಿಶೇಷವಾಗಿ 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಸಂಸ್ಥೆ ಸ್ಥಾಪಿತವಾದ ಮೇಲೆಯೂ ಕನ್ನಡದ ಮಕ್ಕಳ ಕೈಗೆ ಬರತೊಡಗಿದವು. ಗಡಿನಾಡಿನ ಮಗುವಿಗೆ ಈ ಜಾತಿಯ ಪುಸ್ತಕದಿಂದ ಆಗುವ ಉಪಕಾರ ದೊಡ್ಡದು. ಪ್ರಾಸವನ್ನು ಸವಿಯಬೇಕಾದರೆ ಭಾಷೆ ಮೊದಲೇ ತಿಳಿದಿರಬೇಕು; ಚಿತ್ರವನ್ನು ಓದಲು ಆ ನಿರ್ಬಂಧವಿಲ್ಲ. ಚಿತ್ರದಿಂದ ಅರ್ಥವನ್ನು ಮೊದಲು ಹಿಡಿದು, ಅದರ ಬೆನ್ನಿಗೆ ಕನ್ನಡದ ಪದವನ್ನು ಕಟ್ಟಿಕೊಳ್ಳುವುದು ಮರಾಠಿ ಮನೆಯ ಮಗುವಿಗೂ ಸಾಧ್ಯ. ಆದಕಾರಣ ಆಯ್ಕೆಯ ಮೊದಲ ಒರೆಗಲ್ಲು ಇದು: ಅಕ್ಷರವನ್ನು ಅಂಗೈಯಿಂದ ಮುಚ್ಚಿದರೂ ಕಥೆ ಮುಂದುವರಿಯುತ್ತದೆಯೆ?

ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಗೆಲ್ಲುವುದು ಮಂಜುಳಾ ಪದ್ಮನಾಭನ್ ಅವರು ನೆಹರೂ ಬಾಲ ಪುಸ್ತಕಾಲಯಕ್ಕಾಗಿ ರಚಿಸಿದ, ಪಟ್ಟಣದ ಪೇಟೆಯನ್ನು ಕುರಿತ ಮಾತಿಲ್ಲದ ಪುಸ್ತಕ. ಇದು ಈಚಿನದಲ್ಲ, ಆದರೂ ಇದನ್ನು ಬಿಟ್ಟು ಪಟ್ಟಿಯನ್ನು ಆರಂಭಿಸಲು ಮನಸ್ಸು ಒಪ್ಪದು. ಭಾಲ್ಕಿಯ ಸಂತೆಯನ್ನು ಕಂಡ ಮಗು ಇದರ ಪ್ರತಿಯೊಂದು ಪುಟದಲ್ಲಿಯೂ ಹೇಳಲು ಏನಾದರೊಂದನ್ನು ಕಾಣುತ್ತದೆ. ಯಾವ ಭಾಷೆಯಲ್ಲಿ ಹೇಳಿದರೂ ಪುಸ್ತಕದ ಅಭ್ಯಂತರವಿಲ್ಲ.

ರೋಹಿಣಿ ನಿಲೇಕಣಿಯವರು ಬರೆದು ಆಂಜೀ ಮತ್ತು ಉಪೇಶ್ ಚಿತ್ರಿಸಿರುವ ಶೃಂಗೇರಿ ಶ್ರೀನಿವಾಸನ ಕಥೆಗಳನ್ನು ಮುಂದಿನ ಮೆಟ್ಟಿಲಿಗೆ ಸೂಚಿಸಬಹುದು. ವರ್ಷಕ್ಕೊಮ್ಮೆ ಕ್ಷೌರ ಮಾಡಿಸಿಕೊಳ್ಳುವ ನೀಳಗೂದಲಿನ ಈ ರೈತನಿಗೆ ಆ ದಿನ ಕ್ಷೌರಿಕನೂ ಸಿಗನು, ಹೆಂಡತಿಗೂ ಬಿಡುವಿಲ್ಲ, ದರ್ಜಿಯೂ ಬಡಗಿಯೂ ಒಲ್ಲೆನೆನ್ನುವರು. ಕೊನೆಗೆ ಕೆಲಸ ನೆರವೇರುವುದು ಒಂದು ಹುಲಿಯ ಗರ್ಜನೆಯಿಂದ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುವ ಈ ಕಟ್ಟು ಜನಪದ ಕಥೆಯದು. ಮೂರನೆಯ ಬಾರಿಗೆ ಮಗು ತಾನೇ ಉತ್ತರವನ್ನು ಕೂಗಿ ಹೇಳುತ್ತದೆ. ವಾಚನಪಾಠದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಉಪಾಧ್ಯಾಯರು ಬಯಸಬೇಕಾಗಿಲ್ಲ. ಗಾಳಿಗೆ ಹಾರಿದ ಟೋಪಿಯನ್ನು ಚಂದ್ರನು ಧರಿಸುವ ಅವರ ಇನ್ನೊಂದು ಕಿರುಪುಸ್ತಕವು ಇನ್ನೂ ಸಣ್ಣ ಮಕ್ಕಳಿಗೆ ತಕ್ಕುದು.

ರೂಪಾ ಪೈ ಬರೆದ, ಕಾವೇರಿ ಗೋಪಾಲಕೃಷ್ಣನ್ ಚಿತ್ರಿಸಿದ ಮುತ್ತಜ್ಜಿಯ ವಯಸ್ಸಿನ ಪುಸ್ತಕದ ಬಳಿ ತುಸು ನಿಲ್ಲಬೇಕು. ಮುತ್ತಜ್ಜಿಗೆ ತನ್ನ ವಯಸ್ಸು ತಿಳಿಯದು. ಚರಿತ್ರೆಯ ಘಟನೆಗಳಿಗೆ ಅವಳ ಬಾಳಿನ ಸಂಗತಿಗಳನ್ನು ತಾಳೆಹಾಕಿ ಮಕ್ಕಳು ಲೆಕ್ಕ ಕಟ್ಟುತ್ತಾರೆ. ಉಪಾಯವು ಬಹು ಸೊಗಸಾದುದು. ಆದರೆ ನಮ್ಮ ಸೀಮೆಯಲ್ಲಿ ‘ಮುತ್ಯಾ’ ಎಂದರೆ ಅಜ್ಜ, ‘ಆಯಿ’ ಎಂದರೆ ಅಜ್ಜಿ. ಪುಸ್ತಕದ ಹೆಸರನ್ನು ಕೇಳಿದೊಡನೆ ಮಗುವಿಗೆ ಗಡ್ಡದ ಮುದುಕನ ನೆನಪಾದರೆ ಆಶ್ಚರ್ಯವಿಲ್ಲ! ಇಲ್ಲಿಯೂ ಮುಖಪುಟದ ಚಿತ್ರವೇ ನೆರವಿಗೆ ಬರುತ್ತದೆ. ಈ ಪುಸ್ತಕವನ್ನು ಓದಿ ಮುಗಿಸಿ ಬಿಡದೆ, ಇದನ್ನೇ ಮಾದರಿಯಾಗಿಟ್ಟುಕೊಂಡು ಮಕ್ಕಳು ತಮ್ಮ ಮನೆಯ ಹಿರಿಯರ ವಯಸ್ಸನ್ನು ಲೆಕ್ಕಹಾಕುವಂತೆ ಮಾಡಬಹುದು. ಭಾತಂಬ್ರಾದ ಮುದುಕಿಗೆ ಕಾಲದ ಗುರುತು ರಜಾಕಾರರ ಗದ್ದಲ, 1948ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆ, 1972ರ ಬರ. ಅವುಗಳಿಂದ ಹುಟ್ಟುವ ಪುಸ್ತಕವು ಈ ನಾಡಿನ ಚರಿತ್ರೆಯೇ ಆದೀತು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರದ ಪುಸ್ತಕಗಳನ್ನು, ಮೂಲಕರ್ತೃಗಳ ಹೆಸರನ್ನು ಹೇಳಿ, ಯಾರು ಬೇಕಾದರೂ ಭಾಷಾಂತರಿಸಬಹುದು, ತಿದ್ದಬಹುದು, ಅಚ್ಚುಹಾಕಿಸಬಹುದು. ಈ ಸ್ವಾತಂತ್ರ್ಯವನ್ನು ನಮ್ಮ ಉಪಾಧ್ಯಾಯರು ಇನ್ನೂ ಸಾಕಷ್ಟು ಬಳಸಿಕೊಂಡಂತೆ ತೋರುವುದಿಲ್ಲ.

ಚೆನ್ನೈಯ ತೂಲಿಕಾ ಪ್ರಕಾಶನದ ‘ಎಕ್ಕಿ ದೊಕ್ಕಿ’ಯನ್ನು (ಸಂಧ್ಯಾ ರಾವ್ ಕಥನ, ರಂಜನ್ ಡೇ ಚಿತ್ರ) ಗಡಿಯ ಕಪಾಟಿಗಾಗಿಯೇ ಬರೆದಂತಿದೆ ಎನ್ನಬಹುದು. ತಲೆಯಲ್ಲಿ ಒಂದೇ ಕೂದಲಿರುವ ತಂಗಿ, ಎರಡು ಕೂದಲಿರುವ ಗರ್ವಿಷ್ಠೆ ಅಕ್ಕ. ಕಥೆ ಮರಾಠಿ ಜಾನಪದದ್ದು. ಏಕ್, ದೋನ್ ಎಂದು ಅಂಗಡಿಯಲ್ಲಿ ಎಣಿಸಿ ಬಲ್ಲ ಮಗುವಿಗೆ ಹೆಸರುಗಳೇ ಅರ್ಧ ಕಥೆಯನ್ನು ಹೇಳಿಬಿಡುವುವು. ತನ್ನ ಮನೆಯ ಕಥೆ ಕನ್ನಡದ ಪುಸ್ತಕದಲ್ಲಿ ಕುಳಿತಿರುವುದನ್ನು ಕಂಡ ಮರಾಠಿ ಮಗು ಆ ಕನ್ನಡವನ್ನು ಪರಕೀಯವೆಂದು ಬಗೆಯಲಾರದು. ಕಥೆಗಳು ಹೀಗೆ ಭಾಷೆಯಿಂದ ಭಾಷೆಗೆ ದಾಟುವುದು ಇಲ್ಲಿ ಹೊಸದೂ ಅಲ್ಲ; ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಿಸಿದನಷ್ಟೆ.

ರಾಜೀವ್ ಐಪ್ ಅವರು ಬರೆದು ಚಿತ್ರಿಸಿರುವ ಅಮ್ಮಚ್ಚಿಯ ಯಂತ್ರಗಳ ಪುಸ್ತಕದಲ್ಲಿ ಅಜ್ಜಿ ಮೊಮ್ಮಗ ಸೇರಿ ಕೊಬ್ಬರಿಯ ಬರ್ಫಿ ಮಾಡುತ್ತ ರಾಟೆ, ಸನ್ನೆ, ಇಳಿಜಾರುಗಳ ತತ್ತ್ವವನ್ನು ತೋರಿಸುವರು. ಚಿತ್ರಗಳು ಪ್ರಶಂಸಾರ್ಹ. ಆದರೆ ತೊಗರಿ, ಜೋಳ, ಕಬ್ಬುಗಳ ನಾಡಿನ ಮಗುವಿಗೆ ತೆಂಗು ದೇವಾಲಯದ ಕಾಯಿಯಾಗಿ ಪರಿಚಿತವೇ ಹೊರತು ಹಿತ್ತಿಲಿನ ಮರವಾಗಿ ಅಲ್ಲ. ಇದರಿಂದ ಪುಸ್ತಕವನ್ನು ತಿರಸ್ಕರಿಸತಕ್ಕದ್ದಿಲ್ಲ. ಪರದೇಶವನ್ನು ನೋಡುವುದೂ ಓದಿನ ಒಂದು ಫಲ. ಎಲ್ಲ ಪುಸ್ತಕಗಳೂ ಪರದೇಶವಾದರೆ ಮಾತ್ರ ಆಕ್ಷೇಪ. ಸತುವಿನ ಮಿಶ್ರಲೋಹದ ಹೂಜಿಯ ಮೇಲೆ ಬೆಳ್ಳಿಯ ಎಳೆಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಅದನ್ನು ಕಪ್ಪಾಗಿಸುವ ಬಿದರಿ ಕೆಲಸಕ್ಕಿಂತ ಚಿತ್ರಪುಸ್ತಕಕ್ಕೆ ಒಗ್ಗುವ ವಸ್ತು ಇನ್ನೊಂದಿದ್ದೀತೆ? ಪುಟ ತಿರುವಿದೊಡನೆ ಬೂದುಬಣ್ಣ ಕಪ್ಪಾಗಿ ಬೆಳ್ಳಿ ಹೊಳೆಯುವ ಆ ಕ್ಷಣವನ್ನು ಬರೆಯಬಲ್ಲ ಚಿತ್ರಕಾರರು ಮುಂದೆ ಬರಬೇಕು.

ಇನ್ನು ದೋಷಗಳ ಮಾತು. ಈ ಪುಸ್ತಕಗಳಲ್ಲಿ ಬಹುಭಾಗ ಅನ್ಯಭಾಷೆಯಲ್ಲಿ ಮೊದಲು ಹುಟ್ಟಿ, ಚಿತ್ರದ ಸ್ಥಾನ ನಿಶ್ಚಿತವಾದ ಮೇಲೆ ಕನ್ನಡವನ್ನು ಪಡೆಯುವಂಥವು. ಕನ್ನಡದ ಪದ ಉದ್ದ. ಒತ್ತಕ್ಷರಕ್ಕೆ ಕೆಳಗೆ ತೆರಪು ಬೇಕು. ಉಳಿದ ಜಾಗದಲ್ಲಿ ಅದನ್ನು ತುರುಕಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಪಂಡಿತರಿಗೆ ಇದು ಅಲ್ಪ. ಆರು ವರ್ಷದ ಓದುಗನಿಗೆ ಅಲ್ಲಿಯೇ ದಾರಿ ತಪ್ಪುತ್ತದೆ. ಎರಡನೆಯ ದೋಷ ವಾಕ್ಯದ್ದು. ‘ಅವ್ವ ಕರೆದಳು’ ಎನ್ನಬೇಕಾದಲ್ಲಿ ‘ತಾಯಿಯಿಂದ ಕರೆಯಲ್ಪಟ್ಟಳು’ ಎಂಬ ಜಾತಿಯ ವಾಕ್ಯವಿರುವ ಪುಸ್ತಕವನ್ನು, ಚಿತ್ರವೆಷ್ಟೇ ಚೆನ್ನಾಗಿರಲಿ, ಕೊಳ್ಳತಕ್ಕದ್ದಲ್ಲ. ಗ್ರಂಥಭಂಡಾರಿಯು ಕೊಳ್ಳುವ ಮುನ್ನ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿದರೆ ಸಾಕು.

ಗ್ರಾಮಪಂಚಾಯತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಂದಿನಿಂದ, ಮನೆಗೆ ಪುಸ್ತಕ ಒಯ್ಯುವ ಮಾರ್ಗವೂ ತೆರೆದಿದೆ. ಅಲ್ಲಿ ಹತ್ತು ಪುಸ್ತಕಗಳ ಒಂದೊಂದು ಪ್ರತಿಯ ಬದಲು ಐದು ಪುಸ್ತಕಗಳ ಎರಡೆರಡು ಪ್ರತಿಗಳನ್ನಿಡುವುದು ಲೇಸು: ಒಂದು ತರಗತಿಯಲ್ಲಿ ಎಲ್ಲರೂ ಕೂಡಿ ನೋಡಲು, ಇನ್ನೊಂದು ಮನೆಗೆ ಹೋಗಲು. ಮನೆಗೆ ಹೋದ ಪ್ರತಿ ಹರಿದು ಬಂದರೆ ಮಗುವಿನಿಂದ ದಂಡವನ್ನು ಕೇಳಬಾರದು.