ಹೆಬ್ಬಾತುಗಳ ಚಿತ್ರ ಮತ್ತು ಸಂಶಯದ ಧರ್ಮ

ಫ್ರೆಡ್ ಹಾಯ್ಲ್, ಜೆಫ್ರಿ ಬರ್ಬಿಜ್ ಮತ್ತು ಜಯಂತ ನಾರ್ಳಿಕರ್ ಕೂಡಿ ರಚಿಸಿದ ‘ಎ ಡಿಫರೆಂಟ್ ಅಪ್ರೋಚ್ ಟು ಕಾಸ್ಮಾಲಜಿ’ 2000ರಲ್ಲಿ ಪ್ರಕಟವಾಯಿತು. ಮೂವರೂ ಈಗಿಲ್ಲ, ನಾರ್ಳಿಕರ್ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಿಧನರಾದರು. ವಿಶ್ವವು ಮಹಾಸ್ಫೋಟದಿಂದ ಆರಂಭವಾಯಿತೆಂಬ ಬಹುಜನಸಮ್ಮತ ಸಿದ್ಧಾಂತವನ್ನು ಈ ಗ್ರಂಥವು ನಿರಾಕರಿಸುತ್ತದೆ. ಲೋಕವು ಅನಾದಿನಿಧನವೆಂದು ನಂಬಿದ ನಮಗೆ ಇದನ್ನು ಸಂಭ್ರಮದಿಂದ ಉದಾಹರಿಸಲು ಮನಸ್ಸಾಗುವುದು ಸಹಜವೇ. ಆದರೆ ಅದಕ್ಕೆ ಮೊದಲು ಗ್ರಂಥವನ್ನು ಓದುವುದು ಒಳಿತು.

ಲೇಖಕರ ಮತದಂತೆ ವಿಶ್ವಕ್ಕೆ ಆದಿಯಿಲ್ಲ. ಅದು ಸುಮಾರು 5000 ಕೋಟಿ ವರ್ಷಗಳಿಗೊಮ್ಮೆ ಹಿಗ್ಗಿ ಕುಗ್ಗುತ್ತ, ಒಟ್ಟಿನಲ್ಲಿ ನಿಧಾನವಾಗಿ ವಿಸ್ತರಿಸುತ್ತಿದೆ. ಅಲ್ಲಲ್ಲಿ ದ್ರವ್ಯವು ಹೊಸದಾಗಿ ಹುಟ್ಟುತ್ತಿದೆ. (ದ್ರವ್ಯದ ಹೊಸ ಉತ್ಪತ್ತಿಯನ್ನು ನಮ್ಮ ಆಗಮವೂ ಒಪ್ಪದೆಂಬುದನ್ನು ಸಂಭ್ರಮಿಸುವವರು ಗಮನಿಸಬೇಕು.) 1965ರಲ್ಲಿ ಪತ್ತೆಯಾದ, ಎಲ್ಲ ದಿಕ್ಕುಗಳಿಂದಲೂ ಬರುವ ಸೂಕ್ಷ್ಮತರಂಗ ವಿಕಿರಣವೇ ಈ ಮತಕ್ಕೆ ಕಠಿಣ ಪರೀಕ್ಷೆ. ಮಹಾಸ್ಫೋಟವಾದಿಗಳಿಗೆ ಅದು ಆದಿಯ ಉಷ್ಣದ ಅವಶೇಷ. ಇವರಿಗೆ ಅದು ನಕ್ಷತ್ರಗಳ ಬೆಳಕೇ. ಸೂಪರ್ನೋವಾಗಳು ಚೆಲ್ಲಿದ ಕಬ್ಬಿಣದ ತೆಳ್ಳನೆಯ ಸೂಜಿಕಣಗಳು ಅದನ್ನು ಹೀರಿ ಏಕರೂಪದ ಶಾಖವಾಗಿ ಮಾರ್ಪಡಿಸಿವೆ. ಊಹೆ ಚತುರವಾದುದು. ಆದರೆ ಆ ವಿಕಿರಣದ ಅತಿಸೂಕ್ಷ್ಮ ಏರಿಳಿತಗಳನ್ನು ಡಬ್ಲ್ಯುಮ್ಯಾಪ್ ಮತ್ತು ಪ್ಲಾಂಕ್ ನೌಕೆಗಳು ಅಳೆದು 2003 ಹಾಗೂ 2013ರಲ್ಲಿ ಒದಗಿಸಿದ ವಿನ್ಯಾಸವನ್ನು ಮಹಾಸ್ಫೋಟದ ಗಣಿತವು ವಿವರಿಸುವಷ್ಟು ನಿಖರವಾಗಿ ಈ ಸೂಜಿಗಳು ವಿವರಿಸಲಾರವು. ಹೀಲಿಯಂ ಇಷ್ಟೊಂದಿರಬೇಕಾದರೆ ಅತ್ಯುಷ್ಣ ಸ್ಥಿತಿಯೊಂದು ಇದ್ದಿರಬೇಕೆಂದು ಟೇಲರ್ ಅವರೊಡನೆ 1964ರಲ್ಲಿ ತೋರಿಸಿದವರು ಸ್ವತಃ ಹಾಯ್ಲ್ ಎಂಬುದು ವಿಪರ್ಯಾಸ.

ನನ್ನನ್ನು ಹೆಚ್ಚು ಕಾಡಿದ್ದು ಗ್ರಂಥದಲ್ಲಿರುವ ಒಂದು ಛಾಯಾಚಿತ್ರ. ಹೆಬ್ಬಾತುಗಳ ಹಿಂಡು ಒಂದೇ ದಿಕ್ಕಿಗೆ ನಡೆಯುತ್ತಿದೆ. ಮಹಾಸ್ಫೋಟವಾದಿಗಳ ಗತಾನುಗತಿಕತೆ ಇದೇ ಎಂಬುದು ಅಡಿಬರಹದ ತಾತ್ಪರ್ಯ. ಈ ಕಹಿಗೆ ಕಾರಣವಿಲ್ಲದಿಲ್ಲ. ಇವರ ಒಡನಾಡಿ ಹಾಲ್ಟನ್ ಆರ್ಪ್ ಅವರಿಗೆ 1980ರ ದಶಕದಲ್ಲಿ ಅಮೆರಿಕದಲ್ಲಿ ದೂರದರ್ಶಕದ ಸಮಯವನ್ನೇ ನಿರಾಕರಿಸಲಾಯಿತು. ಅವರು ಜರ್ಮನಿಗೆ ತೆರಳಿದರು. ಸಂಶಯಿಸುವವನಿಂದ ಪರೀಕ್ಷೆಯ ಸಾಧನವನ್ನು ಕಸಿದುಕೊಳ್ಳುವುದು ಏಕಾಂತದ ದುರಾಗ್ರಹವೇ ಸರಿ. ಆದರೆ ಅನ್ಯಾಯಕ್ಕೊಳಗಾದ ಮಾತ್ರಕ್ಕೆ ಒಂದು ಮತವು ಸತ್ಯವಾಗುವುದಿಲ್ಲ. ಪ್ರತಿವಾದಿಯನ್ನು ಬಾತುವೆಂದು ಕರೆದ ಮಾತ್ರಕ್ಕೂ ಆಗುವುದಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿ ಅನಂತರ ಖಂಡಿಸುವ ಅಕಲಂಕದೇವರಂಥವರ ತರ್ಕವನ್ನು ಬಲ್ಲವರಿಗೆ ಈ ಚಿತ್ರ ವಾಚಿಕ ಹಿಂಸೆಯಂತೆಯೇ ತೋರುತ್ತದೆ. ಅನೇಕಾಂತದ ಹೆಸರಿನಲ್ಲಿ ಎರಡು ಮತಗಳೂ ಸರಿಯೆಂದು ಕೈತೊಳೆದುಕೊಳ್ಳುವುದೂ ಸಲ್ಲದು. ನಯಕ್ಕೂ ಪ್ರಮಾಣ ಬೇಕು.

ಗ್ರಂಥಕರ್ತರ ಹಿರಿಮೆಯಿರುವುದು ಬೇರೆಡೆ. ತಮ್ಮ ಮತವನ್ನು ಪರೀಕ್ಷಿಸುವ ಬಗೆಯನ್ನು ಅವರೇ ಹೇಳಿಕೊಟ್ಟರು: ಹಿಂದಿನ ಆವರ್ತದ, ಮಹಾಸ್ಫೋಟವಾದಿಗಳ 1380 ಕೋಟಿ ವರ್ಷಗಳಿಗಿಂತ ಬಹಳ ಹಳೆಯ ನಕ್ಷತ್ರಗಳನ್ನು ಹುಡುಕಿರಿ ಎಂದರು. ಅಂಥ ಒಂದು ನಕ್ಷತ್ರವೂ ಇದುವರೆಗೆ ದೃಢಪಟ್ಟಿಲ್ಲ.