ತಟ್ಟೆ ಬರಿದಾಗಿ ಮರಳಬಾರದು

ನಾನು ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ಬಿ.ಕಾಂ. ಮುಗಿಸಿ, ಸಿ.ಎ. ಮಾಡಿ, ಕಳೆದ ಹದಿನಾರು ವರ್ಷಗಳಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಂಡಿರುವವಳು. ಕಾದಂಬರಿ ಓದುವಾಗಲೂ ಯಾರು ಯಾರಿಗೆ ಎಷ್ಟು ಕೊಟ್ಟರು, ಅದು ಯಾರ ಖಾತೆಗೆ ಜಮೆಯಾಯಿತು ಎಂಬಲ್ಲಿಗೇ ಕಣ್ಣು ಹೋಗುತ್ತದೆ. ಲೂಯಿಸಾ ಮೇ ಆಲ್ಕಾಟ್ ಬರೆದ ‘ಲಿಟಲ್ ವಿಮೆನ್’ ಕಾದಂಬರಿಯ ಬಗ್ಗೆ ನಾಲ್ಕು ಮಾತು ಬರೆಯುವ ಧೈರ್ಯ ಬಂದದ್ದು ಈ ಕೆಟ್ಟ ಚಾಳಿಯಿಂದಲೇ. ಆ ಪುಸ್ತಕದ ತುಂಬ ಕೊಡು-ಕೊಳ್ಳುವ ಲೆಕ್ಕವಿದೆ.

ಅದನ್ನು ಮನೆಗೆ ತಂದವಳು ನನ್ನ ಮಗಳು. ಹದಿಮೂರು ವರ್ಷ. ಶಾಲೆಯಲ್ಲಿ ಓದಲು ಕೊಟ್ಟಿದ್ದರು. ಅದೇ ಶರತ್ಕಾಲದಲ್ಲಿ ಅವಳ ಗೆಳತಿಯೊಬ್ಬಳು ತಮ್ಮ ಚರ್ಚಿನ ಮಕ್ಕಳೆಲ್ಲ ಸೇಬು ಕೀಳಲು ತೋಟಕ್ಕೆ ಹೋಗುತ್ತಿದ್ದೇವೆ, ನೀನೂ ಬಾ ಎಂದು ಕರೆದಳು. ಗಣಿತದ ಕ್ಲಾಸಿದೆ ಎಂದು ನಾವು ಕಳಿಸಲಿಲ್ಲ. ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹೇಳಲು ಕರೆದಳು. ಚಳಿ ಎಂದೆವು. ನಿಜವಾದ ಕಾರಣ ನನಗೂ ಗಂಡನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಇವತ್ತು ಸೇಬು, ನಾಳೆ ಬೈಬಲ್ ಕ್ಲಾಸು, ನಾಡಿದ್ದು ಏನೋ ಎಂಬ ಭಯ. ಆ ಚಳಿಗಾಲದಲ್ಲಿ ಅವಳು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕವನ್ನು ನಾನು ಕೈಗೆತ್ತಿಕೊಂಡೆ. ಈ ಸೀಮೆಯ ಕ್ರೈಸ್ತ ಹುಡುಗಿಯರ ಹಬ್ಬ, ತಿರುಗಾಟ, ಸ್ನೇಹಗಳ ಒಳಗೆ ಏನಿರುತ್ತದೆ ಎಂದು ತಿಳಿಯುವ ಕುತೂಹಲ ಇತ್ತು. ಸ್ವಲ್ಪ ತಪಾಸಣೆಯ ಬುದ್ಧಿಯೂ ಇತ್ತು.

ಕಾದಂಬರಿಯ ಮೊದಲ ಭಾಗ 1868ರಲ್ಲಿ, ಎರಡನೆಯದು 1869ರಲ್ಲಿ ಪ್ರಕಟವಾಯಿತು. ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಅಕ್ಕತಂಗಿಯರು. ಅಮೆರಿಕದ ಅಂತರ್ಯುದ್ಧದ ಕಾಲ. ಅಪ್ಪ ಸೇನೆಯಲ್ಲಿ ಪಾದ್ರಿಯಾಗಿ ಹೋಗಿದ್ದಾನೆ. ಪಾದ್ರಿಯ ಮನೆಯ ಕತೆ ಎಂದಮೇಲೆ ಪುಟಕ್ಕೊಂದು ಪ್ರಾರ್ಥನಾ ಸಭೆ ಇರುತ್ತದೆ ಎಂದುಕೊಂಡಿದ್ದೆ. ಕತೆಯ ಮುಖ್ಯ ಘಟನೆ ಒಂದೂ ಚರ್ಚಿನೊಳಗೆ ನಡೆಯುವುದಿಲ್ಲ. ಮೆಗ್‌ಳ ಮದುವೆ ಕೂಡ ಜೂನ್ ತಿಂಗಳ ಗುಲಾಬಿ ಹೂಗಳ ನಡುವೆ ಮನೆಯಲ್ಲೇ ಆಗುತ್ತದೆ, ಅಪ್ಪನೇ ಮದುವೆ ಮಾಡಿಸುತ್ತಾನೆ. ಧರ್ಮ ಇರುವುದು ಊಟದ ಮೇಜಿನಲ್ಲಿ, ಹೊಲಿಗೆಯ ಬುಟ್ಟಿಯಲ್ಲಿ, ಅಕ್ಕತಂಗಿಯರ ಜಗಳದಲ್ಲಿ. ಹುಡುಗಿಯರು ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕತೆಯನ್ನು ಆಟವಾಗಿ ಆಡಿ ಬೆಳೆದವರು. ಬೆನ್ನ ಮೇಲೆ ಪಾಪದ ಹೊರೆ ಹೊತ್ತು ಸ್ವರ್ಗದ ಪಟ್ಟಣಕ್ಕೆ ನಡೆಯುವ ಆ ಯಾತ್ರಿಕ ಕನ್ನಡಕ್ಕೂ ಹೊಸಬನಲ್ಲ. ಆಲ್ಕಾಟ್ ಈ ಕಾದಂಬರಿ ಬರೆಯುವ ಮೊದಲೇ ಬಾಸೆಲ್ ಮಿಷನ್ನಿನವರು ಅವನನ್ನು ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದರು. ಇಲ್ಲಿ ಹೊರೆ ಎಂದರೆ ಜೋಳ ಸಿಟ್ಟು, ಮೆಗ್‌ಳ ಬಟ್ಟೆಯ ಆಸೆ, ಏಮಿಯ ಜಂಬ.

ಕತೆ ಶುರುವಾಗುವುದು ಕ್ರಿಸ್ಮಸ್ ಹೊತ್ತಿಗೆ, ಬಡತನದ ಗೊಣಗಾಟದಿಂದ. ಒಬ್ಬೊಬ್ಬಳ ಕೈಯಲ್ಲಿ ಒಂದೊಂದು ಡಾಲರ್. ತಮಗೆ ಏನು ಕೊಳ್ಳಲಿ ಎಂದು ಲೆಕ್ಕ ಹಾಕಿದವರು ಕೊನೆಗೆ ಅಮ್ಮನಿಗೆ ಉಡುಗೊರೆ ತರುತ್ತಾರೆ. ಹಬ್ಬದ ಬೆಳಿಗ್ಗೆ ಅಮ್ಮ ಹೊರಗಿನಿಂದ ಬಂದು ಹಮ್ಮೆಲ್ ಎಂಬ ಬಡ ಜರ್ಮನ್ ಕುಟುಂಬದ ವಿಷಯ ಹೇಳುತ್ತಾಳೆ: ಹಸುಗೂಸಿನ ಬಾಣಂತಿ, ಒಲೆಯಲ್ಲಿ ಬೆಂಕಿಯಿಲ್ಲ, ಚಳಿಗೆ ಆರು ಮಕ್ಕಳು ಒಂದೇ ಹಾಸಿಗೆಯಲ್ಲಿ. ಹುಡುಗಿಯರು ತಮ್ಮ ಹಬ್ಬದ ತಿಂಡಿಯನ್ನು ಹೊತ್ತುಕೊಂಡು ಹೋಗಿ ಅವರಿಗೆ ಕೊಟ್ಟು, ಬ್ರೆಡ್ಡು ಹಾಲಿನಲ್ಲಿ ತೃಪ್ತರಾಗುತ್ತಾರೆ. ಸಂಜೆ ಪಕ್ಕದ ಮನೆಯ ಶ್ರೀಮಂತ ಮುದುಕ ಲಾರೆನ್ಸ್, ಈ ಸುದ್ದಿ ಕೇಳಿ, ಐಸ್‌ಕ್ರೀಮು, ಕೇಕು, ಹಣ್ಣು, ಹೂಗುಚ್ಛ ಕಳಿಸುತ್ತಾನೆ.

ಇಲ್ಲಿ ನನಗೆ ಮಂಗಳೂರು ನೆನಪಾಯಿತು. ನಮ್ಮ ಪಕ್ಕದ ಮನೆ ಬಾಯಮ್ಮನದು. ಅವರ ಮಗಳು ನನ್ನ ವಾರಗೆಯವಳು. ಆದಿತ್ಯವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಫ್ರಾಕು ಹಾಕಿ ಪೂಜೆಗೆ ಹೋಗುವಳು, ಆಮೇಲೆ ಧರ್ಮಪಾಠ, ಮಧ್ಯಾಹ್ನ ನೆಂಟರು, ಸಂಜೆ ಎಲ್ಲರೂ ಸೇರಿ ಪಣಂಬೂರು ಕಡಲ ತೀರಕ್ಕೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ನಮ್ಮ ತೋಟದ ಹೂವೂ ಅವಳ ಬುಟ್ಟಿಗೆ ಹೋಗುತ್ತಿತ್ತು. ಅವರ ಮನೆಯ ಮದುವೆಯ ‘ರೋಸ್’ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದನ್ನು ನೋಡಲು ನಾವು ಮಕ್ಕಳೆಲ್ಲ ಮುಂದಿನ ಸಾಲಿನಲ್ಲಿ. ಕ್ರಿಸ್ಮಸ್ಸಿಗೆ ಆ ಕಡೆಯಿಂದ ಕುಸ್ವಾರ್ ತಟ್ಟೆ ಬರುತ್ತಿತ್ತು: ನೆವ್ರಿ, ಗುಳಿಯೊ, ಕಿಡಿಯೊ. ಅಷ್ಟಮಿಗೆ ಈ ಕಡೆಯಿಂದ ಉಂಡೆ, ಚಕ್ಕುಲಿ ಹೋಗುತ್ತಿತ್ತು. ಬಂದ ತಟ್ಟೆಯನ್ನು ಅಮ್ಮ ಬರಿದಾಗಿ ಮರಳಿಸುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣು, ಅದೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಯಾರೂ ಯಾರಿಗೂ ದಾನ ಮಾಡುತ್ತಿರಲಿಲ್ಲ, ಯಾರಿಗೂ ಋಣದ ಭಾರ ಇರುತ್ತಿರಲಿಲ್ಲ.

ಈ ತಟ್ಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ನಾನು ‘ಲಿಟಲ್ ವಿಮೆನ್’ ಓದಿದೆ. ಲಾರೆನ್ಸ್ ಮನೆಯ ಜೊತೆಗಿನ ಖಾತೆ ಚೆನ್ನಾಗಿ ತಾಳೆಯಾಗುತ್ತದೆ. ಬೆತ್ ಮುದುಕನಿಗೆ ಚಪ್ಪಲಿ ಹೊಲಿದು ಕೊಡುತ್ತಾಳೆ. ಅವನು ತೀರಿಹೋದ ತನ್ನ ಮೊಮ್ಮಗಳ ಪಿಯಾನೊ ಕಳಿಸುತ್ತಾನೆ. ಅವನ ಮೊಮ್ಮಗ ಲಾರಿ ಈ ಹುಡುಗಿಯರಿಗೆ ಅಣ್ಣನೋ ತಮ್ಮನೋ ಆಗಿ ಒಳಗೆ ಬರುತ್ತಾನೆ. ಬಡವರು ಸಿರಿವಂತರು ಎಂಬ ಭೇದವಿದ್ದರೂ ತಟ್ಟೆ ಎರಡೂ ಕಡೆ ಓಡಾಡುತ್ತದೆ. ಪುಸ್ತಕದ ಅತ್ಯಂತ ಜೀವಂತ ಪುಟಗಳು ಈ ಬೇಲಿಯ ಆಚೀಚೆಗೆ ಸೇರಿದವು.

ಹೊರಗಿನ ಓಡಾಟದ ಅಧ್ಯಾಯಗಳಲ್ಲಿ ಎರಡು ಬಗೆಯಿವೆ. ಮೆಗ್ ಶ್ರೀಮಂತ ಮೊಫಾಟರ ಮನೆಗೆ ಹೋಗಿ, ಎರವಲು ರೇಷ್ಮೆಯುಟ್ಟು ಬೊಂಬೆಯಾಗಿ, ಮನೆಗೆ ಬಂದು ಅಮ್ಮನೆದುರು ತಪ್ಪೊಪ್ಪಿಕೊಳ್ಳುತ್ತಾಳೆ. ಅಮ್ಮನ ಉಪದೇಶ ಉದ್ದವಾಯಿತು. ಅಷ್ಟು ಹೊತ್ತಿಗೆ ನಮಗೆ ಪಾಠ ತಿಳಿದಾಗಿರುತ್ತದೆ. ಆದರೆ ದೋಣಿ ಹತ್ತಿ ಬಯಲಿಗೆ ಹೋಗುವ ‘ಕ್ಯಾಂಪ್ ಲಾರೆನ್ಸ್’ ಅಧ್ಯಾಯ ಹಾಗಲ್ಲ. ಅಲ್ಲಿ ಕ್ರೋಕೆ ಆಟದಲ್ಲಿ ಇಂಗ್ಲೆಂಡಿನ ಹುಡುಗ ಚೆಂಡನ್ನು ಕಾಲಬೆರಳಿನಿಂದ ತಳ್ಳಿ ಮೋಸ ಮಾಡುತ್ತಾನೆ. ಜೋ ನೋಡಿಯೂ ಸಿಟ್ಟು ನುಂಗಿ ಆಡಿ ಗೆಲ್ಲುತ್ತಾಳೆ. ಯಾರೂ ದೇವರ ಹೆಸರೆತ್ತುವುದಿಲ್ಲ. ಆದರೆ ಸಿಟ್ಟು ಅವಳ ಹೊರೆ ಎಂದು ನಮಗೆ ಗೊತ್ತು, ಅದನ್ನು ಅವಳು ಆ ಹುಲ್ಲಿನ ಮೇಲೆ ಸ್ವಲ್ಪ ಇಳಿಸಿದ್ದು ಕಾಣುತ್ತದೆ. ಆಲ್ಕಾಟ್ ಉಪದೇಶ ಮರೆತಲ್ಲೆಲ್ಲ ಧರ್ಮವನ್ನು ಚೆನ್ನಾಗಿ ಬರೆಯುತ್ತಾಳೆ.

ತಾಯಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಪ್ರಸಂಗ. ಬೆತ್‌ಗೆ ಜ್ವರ ಬಂದಾಗ ಏಮಿಯನ್ನು ಸಿಡುಕಿನ ಮಾರ್ಚ್ ಅತ್ತೆಯ ಮನೆಗೆ ಕಳಿಸುತ್ತಾರೆ. ಅಲ್ಲಿ ಕೆಲಸಕ್ಕಿರುವವಳು ಫ್ರಾನ್ಸಿನ ಕ್ಯಾಥೊಲಿಕ್ ಹೆಂಗಸು. ಅವಳ ಹೆಸರು ಎಸ್ಟೆಲ್. ಅತ್ತೆ ಅದನ್ನು ಎಸ್ತರ್ ಎಂದು ಬದಲಿಸಿದ್ದಾಳೆ. ಹೆಸರು ಬೇಕಾದರೆ ಬದಲಿಸಿ, ಧರ್ಮ ಬದಲಿಸಲು ಹೇಳಬಾರದು ಎಂಬ ಷರತ್ತಿನ ಮೇಲೆ ಅವಳು ಒಪ್ಪಿದ್ದಾಳೆ. ಒಂಟಿಯಾಗಿ ಅಳುವ ಏಮಿಗೆ ಅವಳು ಒಂದು ಪುಟ್ಟ ಕೋಣೆಯಲ್ಲಿ ಮೇಜು, ಮೇರಿಯಮ್ಮನ ಚಿತ್ರ ಇಟ್ಟು ಪ್ರಾರ್ಥನೆಯ ಜಾಗ ಮಾಡಿಕೊಡುತ್ತಾಳೆ. ಪ್ರಾಟೆಸ್ಟೆಂಟ್ ಪಾದ್ರಿಯ ಮಗಳು! ಅಮ್ಮ ಬಂದು ನೋಡಿದಾಗ ಏನಾಗುತ್ತದೋ ಎಂದು ನಾನು ಕಾದೆ. ಅಮ್ಮನಿಗೆ ಅದು ಇಷ್ಟವಾಗುತ್ತದೆ. ಒಂದು ಕಷ್ಟಕಾಲದಲ್ಲಿ ಬೇರೆ ಮನೆಯ ದೇವರೆದುರು ಕುಳಿತು ಮಗಳು ಒಳ್ಳೆಯವಳಾಗಿದ್ದಾಳೆ ಎಂಬುದಷ್ಟೇ ಅವಳಿಗೆ ಮುಖ್ಯ. 1868ರ ಆ ತಾಯಿ ಪಾಸಾದ ಪರೀಕ್ಷೆಯಲ್ಲಿ ನಾನು ಒಂದು ಬುಟ್ಟಿ ಸೇಬಿಗೆ ಫೇಲಾಗಿದ್ದೆ.

ಇನ್ನು ಹಮ್ಮೆಲ್‌ರ ಖಾತೆ. ಇದು ತಾಳೆಯಾಗುವುದಿಲ್ಲ. ಮೊದಲ ನಮೂದು ಕ್ರಿಸ್ಮಸ್ ತಿಂಡಿ. ಎರಡನೆಯದು, ಅಮ್ಮ ಊರಲ್ಲಿಲ್ಲದಾಗ ಅಕ್ಕಂದಿರು ಒಂದೊಂದು ನೆಪ ಹೇಳಿದ್ದರಿಂದ ಬೆತ್ ಒಬ್ಬಳೇ ಅವರ ಮನೆಗೆ ಹೋಗುವುದು, ಕೂಸು ಅವಳ ಮಡಿಲಲ್ಲೇ ಸಾಯುವುದು, ಅಲ್ಲಿಂದ ಅವಳಿಗೆ ಸ್ಕಾರ್ಲೆಟ್ ಜ್ವರ ತಗಲುವುದು. ಮೂರನೆಯದು ಒಂದೇ ವಾಕ್ಯ: ಹಮ್ಮೆಲ್ ತಾಯಿ ಮಾರ್ಚ್ ಮನೆಯ ಬಾಗಿಲಿಗೆ ಬರುತ್ತಾಳೆ, ತನ್ನ ಅಜಾಗ್ರತೆಗೆ ಕ್ಷಮೆ ಕೇಳಲು ಮತ್ತು ಸತ್ತ ಇನ್ನೊಂದು ಮಗುವಿಗೆ ಹೊದಿಸುವ ಬಟ್ಟೆ ಬೇಡಲು. ಎರಡು ಮಕ್ಕಳನ್ನು ಕಳೆದುಕೊಂಡವಳು ಕ್ಷಮೆ ಕೇಳುತ್ತಾಳೆ. ಕಾದಂಬರಿ ಅಲ್ಲಿ ನಿಲ್ಲುವುದೇ ಇಲ್ಲ. ನಾಲ್ಕನೆಯ ನಮೂದು ಎರಡನೆಯ ಭಾಗದಲ್ಲಿದೆ. ಏಮಿ ದೊಡ್ಡ ಪಾರ್ಟಿಗೆ ಹನ್ನೆರಡು ಹುಡುಗಿಯರನ್ನು ಕರೆಯುತ್ತಾಳೆ, ಒಬ್ಬಳೇ ಬರುತ್ತಾಳೆ. ಉಳಿದದ್ದನ್ನು ತಿಂದು ತಿಂದು ಬೇಸತ್ತ ಮೇಲೆ, ಇದನ್ನೆಲ್ಲ ಹಮ್ಮೆಲ್ ಮನೆಗೆ ಕಳಿಸಿ, ಜರ್ಮನ್ನರಿಗೆ ಇಂಥ ಕಲಸುಮೇಲೋಗರ ಇಷ್ಟ ಎಂದು ತಮಾಷೆಯಾಗುತ್ತದೆ. ಮೊದಲ ವರ್ಷ ತಮ್ಮ ಪಾಲಿನ ತಿಂಡಿ ಕೊಟ್ಟವರು ಈಗ ಉಳಿದದ್ದನ್ನು ಕೊಡುತ್ತಿದ್ದಾರೆ. ಲೇಖಕಿಗೆ ಈ ಇಳಿತ ಕಂಡಂತಿಲ್ಲ. ಜೋ ಮುಂದೆ ಮದುವೆಯಾಗುವುದು ಒಬ್ಬ ಬಡ ಜರ್ಮನ್ ಪ್ರೊಫೆಸರನನ್ನು. ಓದಿದ ಜರ್ಮನ್ ಮನೆಯವನಾಗುತ್ತಾನೆ, ಓದದ ಜರ್ಮನ್ ದಾನ ಪಡೆಯುವವನಾಗಿಯೇ ಉಳಿಯುತ್ತಾನೆ. ಹಮ್ಮೆಲ್ ಮನೆಯಿಂದ ಒಂದು ತಟ್ಟೆಯೂ ಈ ಕಡೆ ಬರುವುದಿಲ್ಲ, ಯಾಕೆಂದರೆ ಲೇಖಕಿ ಅವರ ಕೈಗೆ ತಟ್ಟೆಯನ್ನೇ ಕೊಟ್ಟಿಲ್ಲ.

ಇದನ್ನು ಬರೆಯುವಾಗ ಲೇಖಕಿಗೆ ಅನ್ಯಾಯವಾಗಬಾರದು. ಅವಳ ತಂಗಿ ಲಿಜಿ, ಅಂದರೆ ಬೆತ್‌ನ ಮೂಲ, ಅಮ್ಮ ನೆರವು ನೀಡುತ್ತಿದ್ದ ಬಡ ಕುಟುಂಬದಿಂದ 1856ರಲ್ಲಿ ಸ್ಕಾರ್ಲೆಟ್ ಜ್ವರ ತಗಲಿಸಿಕೊಂಡು, ಮತ್ತೆ ಚೇತರಿಸಿಕೊಳ್ಳದೆ 1858ರ ಮಾರ್ಚಿನಲ್ಲಿ ತೀರಿಕೊಂಡಳು. ಕಾಂಕರ್ಡಿನಲ್ಲಿರುವ ಅವರ ಮನೆ ‘ಆರ್ಚರ್ಡ್ ಹೌಸ್’ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಕುಟುಂಬ ಅಲ್ಲಿಗೆ ಬರುವ ಮೊದಲೇ ಲಿಜಿ ಸತ್ತಿದ್ದಳು. ಕತೆಯ ಬೆತ್ ಮಾತ್ರ ಆ ಮನೆಯಲ್ಲಿ ಬದುಕಿದ್ದಾಳೆ. ತನ್ನ ಮನೆಯ ಸಾವಿನ ಬಗ್ಗೆ ಬರೆಯುವವಳು ಎದುರು ಮನೆಯ ಎರಡು ಸಾವನ್ನು ಒಂದು ವಾಕ್ಯದಲ್ಲಿ ದಾಟಿದರೆ ಅದು ಅರ್ಥವಾಗದ ವಿಷಯವೇನಲ್ಲ. ಕೊನೆಯ ಅಧ್ಯಾಯದಲ್ಲಿ ಅವಳು ಬಾಗಿಲನ್ನು ಇನ್ನಷ್ಟು ತೆರೆಯುತ್ತಾಳೆ ಕೂಡ. ಅಕ್ಟೋಬರಿನ ಸೇಬು ಕೀಳುವ ಹಬ್ಬ. ಜೋಳ ಶಾಲೆಯಲ್ಲಿ ಸಿರಿವಂತ ಮಕ್ಕಳ ಜೊತೆ ಬಡ ಮಕ್ಕಳಿದ್ದಾರೆ, ಬೇರೆಲ್ಲೂ ಪ್ರವೇಶ ಸಿಗದ ಮಿಶ್ರವರ್ಣದ ಹುಡುಗನೂ ಇದ್ದಾನೆ. ಇವನನ್ನು ಸೇರಿಸಿಕೊಂಡರೆ ಶಾಲೆ ಹಾಳಾಗುತ್ತದೆ ಎಂದು ಊರವರು ಹೇಳಿದರಂತೆ. ಅಂತರ್ಯುದ್ಧ ಮುಗಿದು ನಾಲ್ಕು ವರ್ಷಕ್ಕೆ ಬಂದ ಮಕ್ಕಳ ಪುಸ್ತಕದಲ್ಲಿ ಇದು ಸಣ್ಣ ಮಾತಲ್ಲ.

ಪುಸ್ತಕ ಮುಗಿಸಿದ ವಾರ ಅಮ್ಮನಿಗೆ ಫೋನಿನಲ್ಲಿ ಸೇಬಿನ ವಿಷಯ ಹೇಳಿದೆ. “ಅಲ್ಲ ಮಾರಾಯ್ತಿ, ನೀನು ಬಾಯಮ್ಮನ ಮನೆಯಲ್ಲೇ ಬೆಳೆದವಳಲ್ವಾ? ಮತ್ತೆ ಅವಳನ್ನು ಯಾಕೆ ಕಳಿಸುದಿಲ್ಲ?” ಎಂದರು. ಹಾಗೆ ಕೇಳುವ ಹಕ್ಕು ಅಮ್ಮನಿಗಿದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿಯಾದಾಗ ಮೊಂತಿ ಹಬ್ಬ ಮುಗಿದು ವಾರವೂ ಆಗಿರಲಿಲ್ಲ. ಆ ದಿನಗಳಲ್ಲಿ ಅಮ್ಮನಿಗೆ ಪಕ್ಕದ ಮನೆಗೆ ಹೋಗಿ ಏನು ಮಾತಾಡುವುದು ಎಂದು ತಿಳಿಯಲಿಲ್ಲ, ಹೋಗಲಿಲ್ಲ. ಆ ಡಿಸೆಂಬರಿನಲ್ಲಿ ಕುಸ್ವಾರ್ ಬರಲಿಲ್ಲ. ಮರುವರ್ಷದ ಅಷ್ಟಮಿಗೆ ಅಮ್ಮ ತಾವೇ ಉಂಡೆ, ಚಕ್ಕುಲಿ ಹಿಡಿದುಕೊಂಡು ಹೋದರು. ಬಾಯಮ್ಮ ಬಾಗಿಲಲ್ಲೇ ನಿಂತು ಅತ್ತರಂತೆ. ಡಿಸೆಂಬರಿನಲ್ಲಿ ತಟ್ಟೆ ಬಂತು.

‘ಲಿಟಲ್ ವಿಮೆನ್’ ದೊಡ್ಡ ಕಾದಂಬರಿ ಹೌದೋ ಅಲ್ಲವೋ, ಅದನ್ನು ಓದಿದವರು ಹೇಳಲಿ. ಕ್ರೈಸ್ತ ಹುಡುಗಿಯರ ಹಬ್ಬಕ್ಕೆ, ಪಿಕ್‌ನಿಕ್ಕಿಗೆ, ಪ್ರಾರ್ಥನೆಗೆ ನಡುವೆ ಗೋಡೆಯಿಲ್ಲದ ಮನೆಯನ್ನು ಅದು ಕಟ್ಟಿಕೊಟ್ಟಿದೆ. ಆ ಮನೆಯ ಕೊಡುವ ಕೈ ಚೆನ್ನಾಗಿ ಕಾಣುತ್ತದೆ, ಪಡೆಯುವವರ ಮುಖ ಮಸುಕು. ನಾನು ಈ ದೇಶದಲ್ಲಿ ಹದಿನಾರು ವರ್ಷ ನಡೆಸಿದ ಖಾತೆ ಅದಕ್ಕಿಂತ ಕೆಟ್ಟದಾಗಿತ್ತು: ಕೊಡಲೂ ಇಲ್ಲ, ಪಡೆಯಲೂ ಇಲ್ಲ.

ಈ ವರ್ಷ ಮಗಳು ಸೇಬು ಕೀಳಲು ಹೋದಳು. ಒಂದು ಚೀಲ ಸೇಬು, ಗೆಳತಿಯ ಅಜ್ಜಿ ಮಾಡಿದ ಅರ್ಧ ಪೈ ತಂದಳು. ದೀಪಾವಳಿಗೆ ನಾನು ಅವರ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ, ರವೆ ಉಂಡೆ ಕಳಿಸಿದೆ. ಡಬ್ಬಿ ಇನ್ನೂ ಅವರ ಮನೆಯಲ್ಲೇ ಇದೆ.